ಚಕ್ರದ ಮೇಲಿನ ಅಂಕಿ

ಎಂಬತ್ತರ ದಶಕದ ಕೊನೆಯ ಹೊತ್ತಿಗೆ, ಸಂಶೋಧನೆಗೆಂದು ನಾನು ಹೊಸಪೇಟೆಯ ಸಂಡೂರು ರಸ್ತೆಯಲ್ಲಿದ್ದ ಒಂದು ಎರಕದ ಕಾರ್ಖಾನೆಗೆ ಹೋಗತೊಡಗಿದಾಗ ಅಲ್ಲಿ ಒಬ್ಬರೂ ನನ್ನನ್ನು ನಂಬಲಿಲ್ಲ. ನಾನೂ ಯಾರನ್ನೂ ನಂಬಿರಲಿಲ್ಲ ಅನ್ನಿ.

ಅಲ್ಲಿ ಕಬ್ಬಿನ ಗಾಣಗಳಿಗೆ ಬೇಕಾದ ಹಲ್ಲುಚಕ್ರಗಳನ್ನು ಎರೆಯುತ್ತಿದ್ದರು. ಕಾಲುವೆ ನೀರು ಹರಿದಷ್ಟು ದೂರಕ್ಕೂ ಆಗ ಕಬ್ಬು. ಕಂಪ್ಲಿ ಹತ್ತಿರ ನನ್ನ ಸೋದರಮಾವನದೂ ಒಂದು ಆಲೆಮನೆ ಇತ್ತು. ಗಾಣದ ಚಕ್ರದ ಹಲ್ಲು ಮುರಿದರೆ ಆಲೆಮನೆ ನಿಂತಂತೆ. ಕಡಿದು ಒಟ್ಟಿದ ಕಬ್ಬು ಬಿಸಿಲಿಗೆ ಒಣಗುತ್ತದೆ, ಬೆಲ್ಲ ಕಪ್ಪಾಗುತ್ತದೆ. ಮಾವನ ಗಾಣದಲ್ಲಿ ಒಂದೇ ಹಂಗಾಮಿನಲ್ಲಿ ಮತ್ತೆ ಮತ್ತೆ ಹಲ್ಲು ಮುರಿದಿದ್ದವು. ಅದೇ ಕಾರ್ಖಾನೆಯ ಚಕ್ರ ಪಕ್ಕದ ಹೊಲದವನ ಗಾಣದಲ್ಲಿ ವರ್ಷಗಟ್ಟಲೆ ಗಟ್ಟಿಯಾಗಿ ತಿರುಗುತ್ತಿತ್ತು. ಒಂದೇ ಅಚ್ಚು, ಒಂದೇ ಕಬ್ಬಿಣ, ಒಂದು ಗಟ್ಟಿ ಒಂದು ಪೊಳ್ಳು. ಯಾಕೆ ಎನ್ನುವುದೇ ನನ್ನ ಸಂಶೋಧನೆಯ ವಿಷಯ. ಸಾಮಾನು ತಯಾರಾದ ಮೇಲೆ ಕೆಟ್ಟದ್ದನ್ನು ಆರಿಸಿ ಎಸೆಯುವುದಲ್ಲ, ಅದು ಕೆಡುವ ಗಳಿಗೆಯನ್ನೇ ಹಿಡಿಯಬೇಕು ಎಂಬ ಮಾತು ನಮ್ಮ ಕಾಲೇಜಿನಲ್ಲಿ ಆಗ ಹೊಸದಾಗಿ ಕೇಳಿಬರುತ್ತಿತ್ತು.

ಮಾಲೀಕರು ಮೊದಲ ದಿನವೇ ಕೇಳಿದರು: "ಯಾರು ಕಳಿಸ್ಯಾರ್ರೀ ನಿಮ್ಮನ್ನ?"

ಕಾಲೇಜಿನ ಪತ್ರ ತೋರಿಸಿದೆ. ಅದನ್ನು ಬೆಳಕಿಗೆ ಹಿಡಿದು ಎರಡೂ ಬದಿ ನೋಡಿದರು. "ಗದಗಿನ್ಯಾಗ ನಮ್ಮ ಮಾಲಿಗೆ ಪೈಪೋಟಿ ಮಾಡೋರು ಅದಾರ. ಅವರ ಕಡೆಯೋರೇನು ನೀವು?" ಎಂದರು. ಅಲ್ಲ ಎಂದೆ. ನಂಬಿದಂತೆ ಕಾಣಲಿಲ್ಲ. ಆದರೂ ಒಳಗೆ ಬಿಟ್ಟರು. ಬಿಡದಿದ್ದರೆ ಏನೋ ಮುಚ್ಚಿಡುತ್ತಿದ್ದಾರೆ ಅಂದುಕೊಂಡೇನು ಎಂಬ ಅಳುಕು ಅವರಿಗೂ ಇದ್ದಿರಬೇಕು.

ಎರಕದ ಮೇಸ್ತ್ರಿಗೆ ಬೇರೆಯೇ ಅನುಮಾನ. ಕಾರ್ಖಾನೆಯೊಳಗೆ ಹೆಂಗಸು ಪೆನ್ನು ಹಿಡಿದು ನಿಂತದ್ದನ್ನು ಅವನು ಕಂಡಿರಲಿಲ್ಲ. ಜನ ಕಡಿಮೆ ಮಾಡಲು ಮಾಲೀಕರೇ ನನ್ನನ್ನು ಕರೆಸಿದ್ದಾರೆ ಎಂದು ಅವನು ಉಳಿದವರಿಗೆ ಹೇಳಿದ್ದ. ನಾನು ಹತ್ತಿರ ಹೋದರೆ ಮಾತು ನಿಲ್ಲುತ್ತಿತ್ತು. ಕುಲುಮೆಯ ಗಾಳಿಯಂತ್ರದ ಸದ್ದೊಂದೇ.

ಕೆಲವು ವಾರ ನಾನು ಎರಕ ಹೊಯ್ಯುವಾಗಲೆಲ್ಲ ಪಕ್ಕದಲ್ಲಿ ನಿಂತೆ. ನಾನು ನೋಡಿದ ಚಕ್ರಗಳನ್ನು ಕಾಲೇಜಿಗೆ ಒಯ್ದು ಹಲ್ಲು ಮುರಿಯುವವರೆಗೆ ಒತ್ತಿ ಪರೀಕ್ಷಿಸಿದೆ. ಎಲ್ಲವೂ ಗಟ್ಟಿ. ಒಂದೂ ಸುಲಭಕ್ಕೆ ಮುರಿಯಲಿಲ್ಲ. ಮಾರ್ಗದರ್ಶಕರಿಗೆ ಖುಷಿಯಾಯಿತು, ನನಗೆ ಆಗಲಿಲ್ಲ. ಅದೇ ದಿನಗಳಲ್ಲಿ ಮಾವನಿಂದ ಸುದ್ದಿ ಬಂದಿತ್ತು: ಹೊಸ ಚಕ್ರವೂ ಹಲ್ಲು ಉದುರಿಸಿದೆ.

ಮೇಸ್ತ್ರಿ ನನಗೆ ಬೇರೆ ಚಕ್ರ ಕೊಡುತ್ತಿದ್ದಾನೆ, ಬದಲಾಯಿಸುತ್ತಿದ್ದಾನೆ ಎಂದೇ ನಾನು ನಿಶ್ಚಯ ಮಾಡಿಕೊಂಡೆ. ಆಮೇಲೆ ಚಕ್ರ ತಣ್ಣಗಾಗುವವರೆಗೂ ಜಾಗ ಬಿಟ್ಟು ಕದಲಲಿಲ್ಲ. ಊಟದ ಡಬ್ಬಿಯನ್ನೂ ಅಲ್ಲೇ ಬಿಚ್ಚಿದೆ. ಮೇಸ್ತ್ರಿ ಒಮ್ಮೆ ಉಗುಳಿ ಹೇಳಿದ: "ಕಳ್ಳರನ್ನ ಕಾದಂಗ ಕಾಯ್ತಾರ ನೋಡ್ರಲೇ." ಎಲ್ಲರೂ ನಕ್ಕರು. ನಾನು ಏಳಲಿಲ್ಲ. ಅಷ್ಟು ಕಾದು ತಂದ ಚಕ್ರಗಳೂ ಗಟ್ಟಿಯಾಗಿಯೇ ಇದ್ದವು. ಅವನು ಬದಲಾಯಿಸಿರಲಿಲ್ಲ.

ಒಂದು ಭಾನುವಾರ ಬಸ್ಸು ಹತ್ತಿ ಕಂಪ್ಲಿಗೆ ಹೋದೆ. ಮಾವ ಮುರಿದ ಹಲ್ಲುಗಳನ್ನು ಬೆಲ್ಲದ ಹಳೇ ಚೀಲದಲ್ಲಿ ಸುತ್ತಿಟ್ಟಿದ್ದ. "ನಿನ್ನ ಪರೀಕ್ಷಾದಾಗ ಪಾಸಾಗಿದ್ದು ನನ್ನ ಗಾಣದಾಗ ಯಾಕ ನಪಾಸಾತು, ಹೇಳವಾ?" ಎಂದು ಕೆಣಕಿದ. ಮುರಿದ ಮುಖವನ್ನು ಬಿಸಿಲಿಗೆ ಹಿಡಿದು ನೋಡಿದೆ. ನಡುವೆ ಒಂದು ಗೆರೆ. ರೊಟ್ಟಿ ಮಡಚಿದಂತೆ, ಕಬ್ಬಿಣದ ಎರಡು ಪದರ ಒಂದರ ಮೇಲೊಂದು ಬಿದ್ದು ಬೆಸೆಯದೆ ಉಳಿದಿದ್ದವು. ಹೊಯ್ಯುವಾಗ ಕಬ್ಬಿಣ ಆರಿಹೋಗಿತ್ತು ಎಂದೇ ಅದರ ಅರ್ಥ.

ಆದರೆ ನಾನು ನೋಡಿದಾಗ ಅದು ಎಂದೂ ಆರಿರಲಿಲ್ಲ. ಕರಗಿದ ಕಬ್ಬಿಣವನ್ನು ಅಚ್ಚುಗಳಿಗೆ ಹೊಯ್ಯುವ ಬಕೆಟ್ಟಿನ ತಳದಲ್ಲಿ ಕೆಂಪು ಕಂದಿ ಉಳಿದದ್ದನ್ನು ಮೇಸ್ತ್ರಿ ಪಕ್ಕದ ಗುಂಡಿಗೆ ಸುರಿದುಬಿಡುತ್ತಿದ್ದ, ಮತ್ತೆ ಕರಗಿಸಲು. ವಾಪಸು ಬರುವಾಗ ಬಸ್ಸಿನಲ್ಲಿ ನನಗೆ ಹೊಳೆಯಿತು: ನಾನು ನಿಂತದ್ದಕ್ಕೇ ಅವನು ಹಾಗೆ ಮಾಡುತ್ತಿದ್ದ. ನನ್ನ ಕಣ್ಣೆದುರು ತಪ್ಪು ಮಾಡಬಾರದೆಂಬ ಭಯಕ್ಕೆ ಅವರೆಲ್ಲ ಅತ್ಯುತ್ತಮವಾಗಿ ಕೆಲಸ ಮಾಡುತ್ತಿದ್ದರು. ಅಷ್ಟು ವಾರ ನಾನು ಅಳೆದದ್ದು ಚಕ್ರವನ್ನಲ್ಲ, ನನ್ನ ಮೇಲಿನ ಅನುಮಾನವನ್ನು.

ಮರುದಿನ ಮೇಸ್ತ್ರಿಯ ಹತ್ತಿರ ಹೋಗಿ ನೇರ ಹೇಳಿದೆ: "ಇನ್ನು ನಾನು ನಿಲ್ಲೋದಿಲ್ಲ. ಒಂದೇ ಕೆಲಸ ಮಾಡ್ರಿ. ಬಕೆಟ್ಟು ತುಂಬಿದ ಮೇಲೆ ಮೊದಲು ಹೊಯ್ಯೋ ಅಚ್ಚಿಗೆ ಒಂದು ಅಂತ, ಆಮೇಲಿನದಕ್ಕೆ ಎರಡು ಅಂತ, ಹಂಗೇ ಕಡೇತನಕ ಅಚ್ಚಿನ ಮರಳಾಗ ಮೊಳೆಯಿಂದ ಗೀರ್ರಿ. ಅಂಕಿ ಚಕ್ರದ ಮೇಲೆ ಮೂಡತೈತಿ."

"ಯಾರು ಕೆಡಿಸಿದ್ರು ಅಂತ ಹಿಡಿಯಾಕ?"

"ಮನುಷ್ಯರ ಲೆಕ್ಕ ಬ್ಯಾಡ. ಸರದಿ ಲೆಕ್ಕ ಅಷ್ಟೇ."

ಅವನು ಒಪ್ಪಲು ಸಮಯ ಹಿಡಿಯಿತು. ಕೊನೆಗೆ ಒಪ್ಪಿದ್ದು ಒಂದು ಷರತ್ತಿನ ಮೇಲೆ: ಮೊಳೆ ದಿನಕ್ಕೊಬ್ಬರ ಕೈಯಲ್ಲಿ ಇರಬೇಕು. ಆಗ ಯಾರ ಮೇಲೂ ಬೊಟ್ಟು ಮಾಡಲು ಬರುವುದಿಲ್ಲ.

ನಾನು ಹೊರಗೆ ಉಳಿದೆ. ಅಂಕಿ ಬಿದ್ದ ಚಕ್ರಗಳು ಆಲೆಮನೆಗಳಿಗೆ ಹೋದವು. ಕೆಲವು ಕಾಲೇಜಿಗೂ ಬಂದವು. ಹಂಗಾಮು ಮುಗಿಯುವ ಹೊತ್ತಿಗೆ ಸಂದೇಹ ಉಳಿಯಲಿಲ್ಲ: ಮುರಿದವೆಲ್ಲ ಹೆಚ್ಚುಕಡಿಮೆ ದೊಡ್ಡ ಅಂಕಿಯವೇ. ತಳದ ಆರಿದ ಕಬ್ಬಿಣ. ಇದನ್ನು ಮೇಸ್ತ್ರಿಯ ಮುಂದಿಟ್ಟಾಗ ಅವನು ಅತ್ತಿತ್ತ ನೋಡಿ, "ಒಂದು ಹನಿ ಗುಂಡಿಗೆ ಬೀಳಬಾರ್ದು, ಮತ್ತ ಕರಗಸಾಕ ಕುಲುಮಿ ಕೋಕು ಇದ್ದಲಿ ದಂಡ ಆಕೈತಿ ಅಂತ ಮಾಲೀಕರ ಹುಕುಂ ಐತ್ರಿ. ನಿಮ್ಮೆದುರು ಮಾತ್ರ ಸುರೀತಿದ್ವಿ" ಎಂದ.

ಮಾಲೀಕರಿಗೆ ಹೇಳಿದೆ.

"ಯೂನಿಯನ್ನಿನೋರು ಹೇಳಿಕೊಟ್ರೇನು?"

"ಚಕ್ರ ಹೇಳ್ಯಾವ್ರೀ."

"ಭಾಳ ಶಾಣ್ಯಾರು ಆಗ್ಬ್ಯಾಡ್ರಿ. ನಾಳಿಂದ ಬರೋದು ಬ್ಯಾಡ." ಅಂದೇ ಗೋದಾಮಿನಲ್ಲಿದ್ದ ಚಕ್ರಗಳ ಅಂಕಿಗಳನ್ನೆಲ್ಲ ಅರ ಹಾಕಿ ಉಜ್ಜಿಸಿದರಂತೆ.

ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ಆದರೆ ನಾನು ಹೊರಗೆ ಯಾರಿಗೂ ಹೇಳದಿದ್ದರೂ ಆಲೆಮನೆಯವರು ತಾವೇ ಅಂಕಿ ನೋಡಿದ್ದರು. ಮಾವನಂತೂ ಸಂತೆಯಲ್ಲಿ ಕಂಡಕಂಡವರಿಗೆ ಹೇಳಿದ್ದ. ಮುಂದಿನ ಹಂಗಾಮಿಗೆ ರೈತರು ಅಂಗಡಿಗೆ ಬಂದು ಚಕ್ರವನ್ನು ತಿರುವಿ ತಿರುವಿ ನೋಡಿದರು. "ಸಣ್ಣ ನಂಬರಿಂದು ಕೊಡ್ರಿ" ಎನ್ನುವುದು. ಉಜ್ಜಿದ ಗುರುತು ಕಂಡರೆ, "ಇಲ್ಲೇನೋ ಕೆರೆದಾರ, ಬ್ಯಾಡ" ಎನ್ನುವುದು. ನಂಬರಿಲ್ಲದ ಮಾಲು ಬಿದ್ದೇ ಇತ್ತು.

ಮಾಲೀಕರೇ ಹೇಳಿ ಕಳಿಸಿದರು. ಹೋದೆ. "ನನ್ನ ಗಿರಾಕಿಗಳ ತಲ್ಯಾಗ ಏನು ತುಂಬಿದ್ರಿ?" ಎಂದು ಜಗಳಕ್ಕೇ ನಿಂತರು. ನಾನು ತುಂಬಿಲ್ಲ ಎಂದದ್ದನ್ನು ಕೊನೆಯವರೆಗೂ ನಂಬಲಿಲ್ಲ. ಆದರೆ ನನ್ನನ್ನು ಮತ್ತೆ ಒಳಗೆ ಬಿಟ್ಟರು, ಬೇಗ ಖಾಲಿಯಾಗುವ ಸಣ್ಣ ಬಕೆಟ್ಟು ಮಾಡಿಸಿದರು. ತಳದ ಕಬ್ಬಿಣ ಗುಂಡಿಗೆ ಬೀಳಲಿ ಎಂದು ಮೇಸ್ತ್ರಿಗೆ ಎಲ್ಲರೆದುರೇ ಹೇಳಿದರು. ಆ ಹಂಗಾಮಿನಲ್ಲಿ ಮಾವನ ಗಾಣ ನಿಲ್ಲಲಿಲ್ಲ.

ಕೆಲಸ ಮುಗಿಸಿ ಹೊರಟ ದಿನ ಮೇಸ್ತ್ರಿ ಚಹಾ ತರಿಸಿದ. ಒಟ್ಟಿಗೆ ಕೂತು ಕುಡಿದೆವು. ಸಂಡೂರಿನ ಕಡೆಯಿಂದ ಬರುತ್ತಿದ್ದ ಅದಿರಿನ ಲಾರಿಗಳು ಕೆಂಪು ದೂಳು ಎಬ್ಬಿಸುತ್ತಿದ್ದವು. ಮಾಲೀಕರೂ ಬಂದು, "ಮತ್ತ ಬರ್ರಿ" ಎಂದು ನಗುನಗುತ್ತಾ ಬೀಳ್ಕೊಟ್ಟರು. ಗೇಟಿನ ಹತ್ತಿರ ಕಾವಲುಗಾರ ನನ್ನ ಚೀಲಕ್ಕೆ ಕೈ ಅಡ್ಡ ಹಿಡಿದ.

"ಬಿಚ್ಚಿ ತೋರಿಸ್ರಿ. ಸಾಹೇಬ್ರ ಆರ್ಡರ್ ಐತಿ."

ಬಿಚ್ಚಿ ತೋರಿಸಿದೆ. ಒಳಗೆ ಮೇಸ್ತ್ರಿಯ ಮನೆಯಿಂದ ಬಂದ ಶೇಂಗಾ ಚಟ್ನಿಯ ಪೊಟ್ಟಣವಿತ್ತು. ಅವನು ಅದನ್ನೂ ಮೂಸಿ ನೋಡಿಯೇ ಬಿಟ್ಟ.