ಗೋಲ್ ಕಂಬದ ಹಿಂದೆ ನಿಂತವರು

ನನ್ನ ತಮ್ಮ ನಮ್ಮೂರ ಫುಟ್‌ಬಾಲ್ ತಂಡದ ಗೋಲ್‌ಕೀಪರ್. ಬಾಳ್ಳುಪೇಟೆಯಲ್ಲಿ ಹೆದ್ದಾರಿ ಪಕ್ಕದ ಪಂಚರ್ ಅಂಗಡಿಯಲ್ಲಿ ಅವನ ಕೆಲಸ. ಅದೇ ಸಾಲಿನಲ್ಲಿ ನನ್ನ ಹೊಲಿಗೆ ಅಂಗಡಿ. ಊರು ಅಲ್ಲಿಂದ ಒಳಗೆ, ಕಾಫಿ ತೋಟಗಳ ನಡುವೆ. ತಂಡದ ಜೆರ್ಸಿಗಳಿಗೆ ನಂಬರ್ ಹೊಲಿದು ಕೊಡುವವಳು ನಾನೇ. ಆಟದ ನಿಯಮ ಪೂರ್ತಿ ಗೊತ್ತಿಲ್ಲದಿದ್ದರೂ ನಮ್ಮ ಮೈದಾನದ ಒಂದು ಪಂದ್ಯವನ್ನೂ ನಾನು ತಪ್ಪಿಸುವುದಿಲ್ಲ.

ಆ ವರ್ಷ ಮಳೆಗಾಲ ಮುಗಿದ ಮೇಲೆ ಸುತ್ತಲ ಊರುಗಳ ತಂಡಗಳು ಸೇರಿ ಭಾನುವಾರಗಳಲ್ಲಿ ಪಂದ್ಯ ಇಟ್ಟುಕೊಂಡಿದ್ದವು. ನಮ್ಮವರು ಶುರುವಿನಿಂದಲೇ ಸೋಲುತ್ತ ಬಂದರು. ಮೊದಲ ಸೋಲಿಗೆ ಎಲ್ಲರೂ ನಕ್ಕರು. ಮುಂದಿನದಕ್ಕೆ ರೆಫರಿಯನ್ನು ಬೈದರು. ಆಮೇಲೆ ಬೈಯಲು ಬೇರೆ ಯಾರೂ ಉಳಿಯದೆ ನಮ್ಮ ಆಟಗಾರರನ್ನೇ ಹಿಡಿದುಕೊಂಡರು. ಊರಿನ ವಾಟ್ಸಾಪ್ ಗುಂಪಿನಲ್ಲಿ ಬೆಳಗಾದರೆ ಅದೇ ಮಾತು. ಚೆಂಡು ತಮ್ಮನ ಕೈ ಜಾರಿ ಒಳಗೆ ಹೋದ ವಿಡಿಯೋವನ್ನು ಯಾರೋ ಹಾಕಿದ್ದರು. ಅದರ ಕೆಳಗೆ ನಗುವ ಮುಖಗಳ ಸಾಲು. ಅಂಗಡಿಗೆ ಬ್ಲೌಸ್ ಕೊಡಲು ಬಂದವರೂ ಆ ವಿಡಿಯೋ ನೋಡಿದ್ದರು. ತಮ್ಮ ಮಾತ್ರ ಊಟದ ತಟ್ಟೆಯ ಮುಂದೆ ಕೂತು ಅನ್ನ ಕಲಸುತ್ತಲೇ ಇರುತ್ತಿದ್ದ.

ಬಸ್ ನಿಲ್ಲುವ ಕಡೆ ಹೋಟೆಲ್ ನಡೆಸುವ ಅಣ್ಣ ಒಬ್ಬರಿದ್ದಾರೆ. ತಂಡದ ಅಭಿಮಾನಿಗಳಿಗೆಲ್ಲ ಅವರೇ ಹಿರಿಯರು. ಪಂದ್ಯಕ್ಕೆ ಜೀಪು ಗೊತ್ತು ಮಾಡುವುದು, ಆಟಗಾರರಿಗೆ ಬಾಳೆಹಣ್ಣು ತರುವುದು, ಎಲ್ಲ ಅವರೇ. ತಂಡದ ಮೇಲೆ ಅವರಿಗಿದ್ದಷ್ಟು ಪ್ರೀತಿ ಬೇರೆ ಯಾರಿಗೂ ಇರಲಿಲ್ಲ. ಅದಕ್ಕೇ ಇರಬೇಕು, ಸಿಟ್ಟೂ ಅವರಿಗೇ ಜಾಸ್ತಿ.

ಹಾನುಬಾಳಿನ ತಂಡ ನಮ್ಮ ಮೈದಾನಕ್ಕೆ ಬಂದ ದಿನ ಆಟ ಮುಗಿಯುವ ಹೊತ್ತಿನವರೆಗೂ ಗೋಲು ಇರಲಿಲ್ಲ. ಹೋಟೆಲ್ ಅಣ್ಣ ಮತ್ತು ಅವರ ಜೊತೆಯವರು ತಮ್ಮನ ಗೋಲ್ ಕಂಬದ ಹಿಂದೆಯೇ ನಿಂತಿದ್ದರು. ಎದುರಾಳಿಯೊಬ್ಬ ದೂರದಿಂದ ಒದ್ದ ಚೆಂಡು ಅಂಥ ಜೋರಿನದೇನೂ ಅಲ್ಲ. ತಮ್ಮ ಬಗ್ಗಿದ. ಚೆಂಡು ಅವನ ಕೈಯಡಿ ನುಸುಳಿ ಹೋಗಿಬಿಟ್ಟಿತು.

"ಏನೋ ನೀನು, ಮ್ಯಾಚ್ ಮಾರ್ಕಂಡಿದ್ದೀಯೇನೋ?" ಎಂದು ಹೋಟೆಲ್ ಅಣ್ಣ ಕೂಗಿದರು.

ಅವರ ಹಿಂದೆ ಇಡೀ ಗುಂಪು ಅದನ್ನೇ ಕೂಗತೊಡಗಿತು. ಅವರಲ್ಲೊಬ್ಬ ನೀರಿನ ಬಾಟಲಿ ಎಸೆದ. ಅದು ತಮ್ಮನ ಬೆನ್ನಿಗೆ ಬಿತ್ತು. ಅವನು ತಿರುಗಿ ನೋಡಲಿಲ್ಲ. ಹುಟ್ಟಿದಾಗಿನಿಂದ ನೋಡಿದ ಮುಖಗಳು ಅವು. ಆದರೆ ಆ ಹೊತ್ತಿನಲ್ಲಿ ಅವರಲ್ಲಿ ಒಬ್ಬರ ಗುರುತೂ ನನಗೆ ಹತ್ತಲಿಲ್ಲ. ಇವರು ಬೇಲಿ ದಾಟಿ ಒಳಗೆ ನುಗ್ಗಿದರೆ ಏನು ಗತಿ ಎಂದು ಹೆದರಿದೆ.

ಆಟ ಮುಗಿದ ಸೀಟಿ ಊದಿದ್ದೇ ತಡ, ತಮ್ಮ ಗ್ಲೌಸ್ ಬಿಚ್ಚಿ ನೆಲಕ್ಕೆ ಹಾಕಿ, ಮೈದಾನದ ಆಚೆ ಬದಿಯ ತಂತಿಬೇಲಿ ದಾಟಿ ಪಕ್ಕದ ಎಸ್ಟೇಟ್ ಒಳಗೆ ಇಳಿದ. ಅದು ನಮ್ಮ ಮನೆಗೆ ಒಳದಾರಿ. ನಾನು ಕೂಗಿದೆ. ಆ ಗಲಾಟೆಯಲ್ಲಿ ಅವನಿಗೆ ಕೇಳಿಸಲಿಲ್ಲ. ಫೋನು ಅವನ ಬ್ಯಾಗಿನಲ್ಲಿ, ಬ್ಯಾಗು ನನ್ನ ಕೈಯಲ್ಲಿ.

ಸ್ವಲ್ಪ ಹೊತ್ತಿಗೆ ಸುತ್ತಲೂ ಫೋನುಗಳು ಒಂದರ ಹಿಂದೊಂದು ಸದ್ದು ಮಾಡಿದವು. ಅರಣ್ಯ ಇಲಾಖೆಯ ಆನೆ ಕಾವಲಿನವರು ಕಳಿಸಿದ ಸಂದೇಶ. ಒಂಟಿ ಸಲಗವೊಂದು ಅದೇ ಎಸ್ಟೇಟಿಗೆ ಬಂದಿದೆ, ಒಳದಾರಿಗಳಲ್ಲಿ ಯಾರೂ ಓಡಾಡಬೇಡಿ ಎಂದಿತ್ತು. ಗದ್ದೆಯ ಭತ್ತ ಹಣ್ಣಾಗುವ ಕಾಲದಲ್ಲಿ ಅಂಥ ಸಂದೇಶ ನಮಗೆ ಹೊಸದಲ್ಲ. ಆದರೆ ಅವತ್ತು ಓದಿದ ಅಕ್ಷರಗಳು ತಲೆಯೊಳಗೆ ಕೂರಲೇ ಇಲ್ಲ. ಮತ್ತೊಮ್ಮೆ ಓದಿದೆ.

"ಅಣ್ಣ, ನನ್ ತಮ್ಮ ಆ ಕಡೇನೇ ಹೋಗವ್ನೆ" ಎಂದೆ.

ಹೋಟೆಲ್ ಅಣ್ಣ ಬೇಲಿಯ ಕಡೆ ನೋಡಿದರು. "ಯಾವಾಗ ಹೋದ?"

"ಈಗ. ನೀವು ಕೂಗ್ತಿದ್ರಲ್ಲ, ಆಗಲೇ."

ಅವರು ಜೀಪಿನ ಕಡೆ ಓಡಿದರು. ನಾನೂ ಹತ್ತಿಕೊಂಡೆ. ಬಾಟಲಿ ಎಸೆದವನೂ ಹತ್ತಿದ. ಎಸ್ಟೇಟ್ ಗೇಟಿನ ಹತ್ತಿರ ಆನೆ ಕಾವಲಿನ ಇಬ್ಬರು ನಮ್ಮನ್ನು ತಡೆದರು. ವಿಷಯ ಕೇಳಿದ ಮೇಲೆ ಅವರಲ್ಲಿ ದೊಡ್ಡವನು, "ಜೀಪ್ ಬ್ಯಾಡ. ನಮ್ ಹಿಂದೆ ಇಬ್ರು ಬನ್ನಿ, ಸಾಕು. ಒಂದ್ ಮಾತು ಆಡಂಗಿಲ್ಲ, ಹೆಸರಿಡಿದು ಕೂಗಂಗಿಲ್ಲ" ಎಂದ.

ನಾನು ಮತ್ತು ಹೋಟೆಲ್ ಅಣ್ಣ ಹೋದೆವು. ಬೆಳಕು ಆಗಲೇ ಮಂಕಾಗುತ್ತಿತ್ತು, ಹಳ್ಳದ ಕಡೆಯಿಂದ ಮಂಜು ಏರುತ್ತಿತ್ತು. ಕಾಫಿ ಗಿಡಗಳ ಸಾಲಿನಲ್ಲಿ ನಾಲ್ಕು ಮಾರು ಆಚೆಗೆ ಏನಿದೆ ಎಂದು ಕಾಣುತ್ತಿರಲಿಲ್ಲ. ಒಂದು ಕಡೆ ಗಿಡಗಳು ನೆಲಕ್ಕೆ ಒರಗಿದ್ದವು, ಮುರಿದ ಕೊಂಬೆಯ ಹಸಿ ವಾಸನೆ ಇನ್ನೂ ಇತ್ತು. ಬಾಯಿ ತುಂಬ ತಮ್ಮನ ಹೆಸರು, ಕರೆಯುವಂತಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡೆ. ನನ್ನ ಪಕ್ಕದಲ್ಲಿ ಹೋಟೆಲ್ ಅಣ್ಣನ ಉಸಿರು ಕೇಳುತ್ತಿತ್ತು. ಮೈದಾನಕ್ಕೆಲ್ಲ ಕೇಳುವ ಗಂಟಲು ಅವರದು. ಈಗ ಒಣ ಎಲೆಯ ಮೇಲೆ ಕಾಲಿಡಲೂ ಹೆದರುತ್ತಿದ್ದರು.

ದಾರಿ ತಿರುಗುವಲ್ಲಿ ಕಾವಲಿನವನು ಕೈ ಎತ್ತಿ ನಿಲ್ಲಿಸಿದ. ಮುಂದೆ ಎಸ್ಟೇಟಿನ ನೀರಿನ ಟ್ಯಾಂಕು, ಎತ್ತರದ ಕಂಬಗಳ ಮೇಲೆ. ಅದರ ನೆತ್ತಿಯಲ್ಲಿ ಹಳದಿ ಬಣ್ಣ ಕಂಡಿತು. ನಾನೇ ನಂಬರ್ ಹೊಲಿದ ಜೆರ್ಸಿ. ತಮ್ಮ ಮೊಣಕಾಲು ತಬ್ಬಿ ಕೂತಿದ್ದ. ಅವನು ಬದುಕಿದ್ದಾನೆ ಎಂದು ಸಮಾಧಾನಪಡುವ ಮೊದಲೇ ಟ್ಯಾಂಕಿನ ಬುಡದ ಹಲಸಿನ ಮರದ ಪಕ್ಕ ಕಪ್ಪಗೆ ನಿಂತಿದ್ದದ್ದು ಕಿವಿ ಬೀಸಿತು.

ಎಷ್ಟು ಹೊತ್ತು ನಿಂತೆವೋ ಗೊತ್ತಿಲ್ಲ. ಸಲಗ ಒಮ್ಮೆ ಟ್ಯಾಂಕಿನ ಏಣಿಯ ಮೇಲೆ ಸೊಂಡಿಲಾಡಿಸಿತು. ಕಬ್ಬಿಣ ಕಿರ್ರೆಂದಿತು. ಹೋಟೆಲ್ ಅಣ್ಣ ನನ್ನ ಮಣಿಕಟ್ಟು ಹಿಡಿದುಕೊಂಡರು. ಕೊನೆಗೆ ಆನೆ ತನಗೆ ತೋಚಿದಾಗ ತಿರುಗಿ ಗದ್ದೆಯ ಕಡೆ ಇಳಿಯಿತು. ಗಿಡ ಮುರಿಯುವ ಸದ್ದು ದೂರವಾಗುವವರೆಗೂ ಕಾವಲಿನವನು ನಮ್ಮನ್ನು ಬಿಡಲಿಲ್ಲ.

ತಮ್ಮ ಕೆಳಗಿಳಿದು ಅಲ್ಲೇ ನೆಲದ ಮೇಲೆ ಕೂತ. ಹೋಟೆಲ್ ಅಣ್ಣ ಅವನ ಮುಂದೆ ಕುಕ್ಕರುಗಾಲಲ್ಲಿ ಕೂತರು.

"ನನ್ ಬಾಯಿಂದ ಬರಬಾರದ ಮಾತು ಬಂದ್‌ಬುಟ್ತು ಕಣೋ" ಎಂದರು.

ತಮ್ಮ ಅವರ ಮುಖ ನೋಡಲಿಲ್ಲ. "ನೀರು ಐತಾ?" ಎಂದು ನನ್ನನ್ನು ಕೇಳಿದ.

ಮಾರನೇ ದಿನ ನನ್ನ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತ ತಮ್ಮ ತಾನಾಗಿಯೇ ಬಾಯಿಬಿಟ್ಟ. "ಆ ಚೆಂಡು ಸುಲಭದ್ದೇ ಅಕ್ಕ. ಅದು ಬರೋಕ್ ಮುಂಚೇನೇ ಕೈ ನಡುಗ್ತಿತ್ತು. ಬಿಟ್ರೆ ಹಿಂದೆ ಇರೋರು ಏನಂತಾರೋ ಅಂತ. ಇನ್ನು ನಾನು ಆಡಲ್ಲ."

ನಾನು ಅದನ್ನು ಹೋಟೆಲ್ ಅಣ್ಣನಿಗೆ ಹಾಗೇ ಹೇಳಿದೆ. ಅವರು ಲೋಟ ತೊಳೆಯುವುದನ್ನು ನಿಲ್ಲಿಸಿ ಕೇಳಿದರು. ಸಂಜೆ ನಾಲ್ಕೈದು ಜನರನ್ನು ಕರೆದುಕೊಂಡು ಮನೆಗೆ ಬಂದರು. ಬಾಟಲಿ ಎಸೆದವನು ಬಾಗಿಲಲ್ಲೇ ತಲೆ ತಗ್ಗಿಸಿ ನಿಂತಿದ್ದ. ವಿಡಿಯೋವನ್ನು ಗುಂಪಿನಿಂದ ತೆಗೆಸಿದ್ದರು.

"ಆಡೋದು ಬಿಡೋದು ನಿನ್ನಿಷ್ಟ ಮಾರಾಯ" ಎಂದರು ಅಣ್ಣ. "ಆಡಿದ್ರೆ ನಿನ್ ಹಿಂದೆ ನಾವೇ ನಿಂತ್ಕತೀವಿ. ಸೋತ್ರೂ ಸರಿ, ಗೆದ್ರೂ ಸರಿ. ಒಂದು ಕೆಟ್ಟ ಮಾತು ಬಂದ್ರೆ ಅವತ್ತಿಂದ ನಾನ್ ಮೈದಾನಕ್ ಬರಲ್ಲ."

ತಮ್ಮ ಒಪ್ಪಲು ವಾರ ಕಳೆಯಿತು. ಹೊಂಗಡಹಳ್ಳದ ಕಡೆಯ ತಂಡದ ಮೇಲೆ ಪಂದ್ಯ, ಅವರದೇ ಮೈದಾನದಲ್ಲಿ. ಅಣ್ಣ ಮಾತಿಗೆ ತಪ್ಪದೆ ಗೋಲಿನ ಹಿಂದೆ ಜನ ನಿಲ್ಲಿಸಿದರು. ಆಟ ಶುರುವಾಗಿ ಬೆವರೂ ಬಂದಿರಲಿಲ್ಲ, ಒಂದು ಗೋಲು ಒಳಗೆ ಹೋಯಿತು. ನಾನು ಕಣ್ಣು ಮುಚ್ಚಿಕೊಂಡೆ. ಹಿಂದೆ ಸದ್ದೇ ಇಲ್ಲ. ಕಣ್ಣು ಬಿಟ್ಟು ತಿರುಗಿದರೆ ಅಣ್ಣನ ಕತ್ತಿನ ನರ ಉಬ್ಬಿತ್ತು, ತುಟಿ ಕಚ್ಚಿ ಹಿಡಿದಿದ್ದರು. ಆಮೇಲೆ ಮೆಲ್ಲಗೆ, "ಇರ್ಲಿ ಕಣೋ, ಇನ್ನೂ ಟೈಮ್ ಐತೆ" ಎಂದರು. ಬಾಟಲಿ ಎಸೆದವನು ಅದನ್ನೇ ಜೋರಾಗಿ ಹೇಳಿದ. ಉಳಿದವರು ಚಪ್ಪಾಳೆ ತಟ್ಟಿದರು. ತಮ್ಮ ಒಮ್ಮೆ ತಿರುಗಿ ನೋಡಿದ. ನಂಬಿಕೆ ಬಂದ ನೋಟವಲ್ಲ, ಅಳೆಯುವ ನೋಟ.

ಆಮೇಲೆ ಅವನು ಒಂದೆರಡು ಒಳ್ಳೆಯ ಚೆಂಡು ಹಿಡಿದ. ನಮ್ಮವರೂ ಒಂದು ಗೋಲು ಹೊಡೆದರು. ಆದರೂ ಕೊನೆಗೆ ಸೋತೆವು. ವಾಪಸು ಬರುವಾಗ ಜೀಪಿನಲ್ಲಿ ಯಾರೋ, "ಆ ಎರಡನೇ ಗೋಲು..." ಎಂದು ಶುರು ಮಾಡಿ, ತಮ್ಮನನ್ನು ನೋಡಿ ತಡೆದು, "ಅದು ಯಾರ್ ಕೈಲೂ ಆಗ್ತಿರ್ಲಿಲ್ಲ ಬಿಡು" ಎಂದು ಮುಗಿಸಿದರು. ತಮ್ಮ ಕಿಟಕಿಯಾಚೆ ನೋಡುತ್ತ ಸಣ್ಣಗೆ ನಕ್ಕ.

ಅವನು ಈಗಲೂ ಆಡುತ್ತಾನೆ. ಅವರು ಈಗಲೂ ಹಿಂದೆ ನಿಲ್ಲುತ್ತಾರೆ, ಕೊಟ್ಟ ಮಾತು ಉಳಿಸಿಕೊಂಡಿದ್ದಾರೆ. ನನಗೆ ಮಾತ್ರ ಭಯ ಪೂರ್ತಿ ಹೋಗಿಲ್ಲ. ಚೆಂಡು ನಮ್ಮ ಗೋಲಿನ ಕಡೆ ಬಂದಾಗ ನಾನು ಚೆಂಡನ್ನು ನೋಡುವುದಿಲ್ಲ, ಹಿಂದೆ ನಿಂತವರ ಬಾಯಿಗಳನ್ನು ನೋಡುತ್ತೇನೆ.