ಮನಶ್ಶಾಸ್ತ್ರ ಬೇಡವೆಂದ ನಮ್ಮಣ್ಣ

ಗೆಳೆಯರೇ, ಇವತ್ತು ಮಗಳನ್ನು ಡಿಗ್ರಿಗೆ ಸೇರಿಸಲು ಮಸ್ಕಿಯಿಂದ ಸಿಂಧನೂರಿಗೆ ಹೊರಟಿದ್ದೆವು. ನಮ್ಮಣ್ಣನೂ ಜೊತೆಗಿದ್ದ. ಅವಳಿಗೆ ಮನಶ್ಶಾಸ್ತ್ರ ಓದುವ ಆಸೆ. ಬಸ್ಸಿನಲ್ಲಿ ಕುಳಿತದ್ದೇ ತಡ, ಅಣ್ಣ ಶುರು ಮಾಡಿದ.

“ಹುಚ್ಚರ ಜೋಡಿ ಬಾಳೇವು ಮಾಡ್ತಿಯೇನವ್ವಾ? ಸುಮ್ಮನ ಬಿ.ಕಾಂ. ತಗೋ.”

ಮಗಳು ವಾದಿಸಲಿಲ್ಲ. “ಮಾಮಾ, ಅತ್ತಿ ಜೋಡಿ ಮತ್ತ ಮಾತು ಬಿಟ್ಟೀರೇನ್ರಿ?” ಎಂದಳು.

ಅಷ್ಟು ಸಾಕಾಯಿತು. ಯಾರದೋ ಮದುವೆಯಲ್ಲಿ ಅವನ ಹೆಂಡತಿ, ಅಂದರೆ ನಮ್ಮತ್ತಿಗೆ, ಅವನ ಮೀಸೆಯ ಬಣ್ಣವನ್ನು ಬೂಟ್ ಪಾಲಿಶ್ ಎಂದಿದ್ದಳಂತೆ. ಅಂದಿನಿಂದ ಮಾತಿಲ್ಲ. ಮಗಳು ಎಲ್ಲವನ್ನೂ ಕೇಳಿಸಿಕೊಂಡು, “ಅತ್ತಿ ಅಂದಿದ್ದಕ್ಕ ಸಿಟ್ಟೋ, ಮಂದಿ ನಕ್ಕಿದ್ದಕ್ಕೋ?” ಎಂದು ಕೇಳಿದಳು.

ಅಣ್ಣ ಮೀಸೆ ಸವರಿಕೊಂಡ. “ಮಂದಿ ನಕ್ಕಿದ್ದಕ್ಕ,” ಎಂದ. ಸಿಂಧನೂರಿನಲ್ಲಿ ಇಳಿದವನೇ ಅತ್ತಿಗೆಗೆ ಫೋನ್ ಮಾಡಿ, “ಊಟಕ್ಕ ಮನೀಗೆ ಬರ್ತೀನಿ, ರೊಟ್ಟಿ ಮಾಡಿಡು,” ಎಂದ.

ಕಾಲೇಜಿನ ಗುಮಾಸ್ತರು ಯಾವ ವಿಷಯ ಎಂದು ಕೇಳಿದಾಗ, ನಾವು ಬಾಯಿ ತೆರೆಯುವ ಮೊದಲೇ ಅಣ್ಣ ಹೇಳಿದ: “ಮನಶ್ಶಾಸ್ತ್ರ ಹಾಕ್ರಿ. ಹುಡುಗಿ ಶಾಣ್ಯಾಕಿ ಅದಾಳ.”

ಈಗ ಅತ್ತಿಗೆಯ ಫೋನ್ ಬಂದಿದೆ. “ಅವರದಷ್ಟ ಕೇಳಿದ್ರ ಹೆಂಗವ್ವಾ? ನಂದೂ ಕೇಳು,” ಎಂದು ಶುರು ಮಾಡಿದವಳು ಇನ್ನೂ ಮಗಳನ್ನು ಬಿಟ್ಟಿಲ್ಲ. ನಮ್ಮ ಮನೆತನಕ್ಕೆ ಒಂದೇ ಡಿಗ್ರಿ ಸಾಕಾಗುವ ಲಕ್ಷಣ ಕಾಣುತ್ತಿಲ್ಲ.