ಖಾಜಾಸಾಬರ ಅಂಗಡಿಯ ಬೆಳಗಿನ ರಾಗ

ಮೊನ್ನೆ ರಾಯಚೂರಿನಲ್ಲಿ ಮಗಳ ಜೊತೆ ಬಟ್ಟೆ ಅಂಗಡಿಗೆ ಹೋಗಿದ್ದೆ. ಅಂಗಡಿಯವನು ಹೊಸ ಬಟ್ಟೆಯ ಥಾನೊಂದನ್ನು ಉರುಳಿಸಿ ನಮ್ಮ ಮುಂದೆ ಬಿಚ್ಚಿದಾಗ ಗಂಜಿಯ ವಾಸನೆ ಎದ್ದು ಬಂತು. ತುಸು ಹುಳಿ, ತುಸು ಬೆಚ್ಚಗೆ, ಬಿಸಿಲಿಗಿಟ್ಟ ಹತ್ತಿಯ ಹಾಗೆ. ಮಗಳು ಬಣ್ಣ ಆರಿಸುತ್ತಿದ್ದಳು. ನಾನು ಹುಡುಗಿಯಾಗಿದ್ದಾಗಿನ ದೇವದುರ್ಗದ ಬಜಾರಿಗೆ ಹೋಗಿಬಿಟ್ಟಿದ್ದೆ. ಅಲ್ಲಿ ಎಳೆಬಿಸಿಲು ಹೊಸ್ತಿಲವರೆಗೆ ಬಂದು ನಿಂತಿತ್ತು. ನಮ್ಮ ಅಬ್ಬಾ, ಖಾಜಾಸಾಬರು, ಬಿಳಿ ಗಾದಿಯ ಮೇಲೆ ಕೂತಿದ್ದರು. ಅವರ ಬೆನ್ನ ಹಿಂದಿನ ಗೂಡಿನಲ್ಲಿ ರೇಡಿಯೊ ಹಾಡುತ್ತಿತ್ತು.

ನಮ್ಮದು ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಮಾಸಿದ ಹಸಿರು ಪರದೆ. ಪರದೆಯ ಈಚೆ ಅಮ್ಮಿ ರೊಟ್ಟಿ ಬಡಿಯುವ ಸದ್ದು, ಆಚೆ ತಂಬೂರಿಯ ಗುಂಗು. ಎರಡೂ ಸೇರಿದರೇ ನಮಗೆ ಬೆಳಗಾಗುತ್ತಿದ್ದುದು. ಅಬ್ಬಾ ಸಂಗೀತ ಕಲಿತವರಲ್ಲ. ಎಳೆಯ ವಯಸ್ಸಿನಲ್ಲಿ ಹೈದರಾಬಾದಿಗೆ ಬಟ್ಟೆ ತರಲು ಹೋದಾಗ ಯಾವುದೋ ಹೋಟೆಲಿನಲ್ಲಿ ರೇಡಿಯೊದ ಹಾಡು ಕೇಳಿ, ಅದು ಮುಗಿಯುವವರೆಗೂ ಕೂತು, ಬಸ್ಸು ತಪ್ಪಿಸಿಕೊಂಡು ಬಂದವರು. ಅಂದಿನಿಂದ ಅದೇ ಚಟ. ಬೆಳಗಿನ ಶಾಸ್ತ್ರೀಯ ಸಂಗೀತ ಬರುವ ಹೊತ್ತಿಗೆ ಗಿರಾಕಿ ಬಂದರೆ ಮಾತಿಲ್ಲದೆ ಕೈಯಲ್ಲೇ ಕೂರಿಸುತ್ತಿದ್ದರು. ಗಜಕಡ್ಡಿಯಿಂದ ಬಟ್ಟೆ ಅಳೆಯುವಾಗಲೂ ಆಲಾಪ ನಡೆಯುತ್ತಿದ್ದರೆ ಅವರ ಕೈ ನಿಧಾನವಾಗುತ್ತಿತ್ತು, ತಬಲ ಶುರುವಾದರೆ ಚುರುಕಾಗುತ್ತಿತ್ತು.

ಅವರಿಗೆ ಒಬ್ಬನೇ ಜೊತೆಗಾರ, ಮಸರಕಲ್ಲಿನ ಬಸಣ್ಣ ಕಾಕಾ. ಹೊಲಮನೆಯ ಮನುಷ್ಯ, ತೋಳಿನ ತುಂಬ ಬಿಸಿಲು ಹೊತ್ತವರು. ಒಮ್ಮೆ ಧೋತರ ಕೊಳ್ಳಲು ಬಂದು, ರೇಡಿಯೊ ಹಾಡುವುದನ್ನು ಕೇಳುತ್ತ ಗಾದಿಯ ಅಂಚಿಗೆ ಕೂತವರು ಧೋತರ ಮರೆತು ಎದ್ದು ಹೋಗಿದ್ದರಂತೆ. ಮುಂದಿನ ಸಂತೆಗೆ ಬಂದರು. ಆಮೇಲೆ ಪ್ರತಿ ಸಂತೆಗೂ ಮೊದಲ ಬಸ್ಸಿಗೇ ಬಂದು, ರಾಗ ಮುಗಿದ ಮೇಲೆಯೇ ಸಂತೆಯ ಕೆಲಸಕ್ಕೆ ಹೋಗುತ್ತಿದ್ದರು. ರಾಗಗಳ ಹೆಸರು ಕಾಕಾಗೆ ನಾಲಿಗೆಗೆ ಹತ್ತುತ್ತಿರಲಿಲ್ಲ. ಅವರೇ ಹೆಸರಿಡುತ್ತಿದ್ದರು. ಒಂದು 'ಇಬ್ಬನಿ', ಇನ್ನೊಂದು 'ಮುದುಕಪ್ಪ'. ಭೈರವಿ ಬಂದರೆ ಮಾತ್ರ ತಲೆಯ ರುಮಾಲು ತೆಗೆದು ತೊಡೆಯ ಮೇಲೆ ಇಟ್ಟುಕೊಳ್ಳುತ್ತಿದ್ದರು. ಅವರ ಒಬ್ಬಳೇ ಮಗಳು ಮಾನ್ವಿ ಕಡೆ ಕಲ್ಲೂರಿಗೆ ಮದುವೆಯಾಗಿ ಹೋಗಿದ್ದಳು. ಬಂಡಿ ಹತ್ತುವಾಗ ಅವಳು ತಿರುಗಿ ನೋಡಿದ್ದು ಈ ರಾಗದಲ್ಲಿ ಕಾಣುತ್ತದೆ ಎಂದು ಹೇಳುತ್ತಿದ್ದರು. ಹಾಗಾಗಿ ಭೈರವಿಯ ಹೆಸರು ನಮ್ಮ ಅಂಗಡಿಯಲ್ಲಿ 'ಹೊಂಟಾಕಿ' ಎಂದಾಯಿತು, ತವರು ಬಿಟ್ಟು ಹೊರಟವಳು. ಅಬ್ಬಾ ಕೂಡ ಹಾಗೇ ಕರೆಯತೊಡಗಿದರು.

ಕಾಲ ಹೀಗೇ ಇರಲಿಲ್ಲ. ಎದುರಿನ ಸಾಲಿನಲ್ಲಿ ಹೊಸ ಬಟ್ಟೆ ಅಂಗಡಿಯೊಂದು ತೆರೆಯಿತು. ಅದರ ಬಾಗಿಲಲ್ಲಿ ದೊಡ್ಡ ಸ್ಪೀಕರು, ದಿನವಿಡೀ ಸಿನಿಮಾ ಹಾಡು. ಸಂತೆಗೆ ಬಂದ ಹೆಣ್ಣುಮಕ್ಕಳು ಆ ಕಡೆ ನಗುತ್ತ ನಡೆದರು. ನಮ್ಮ ಅಂಗಡಿಯ ಮುಂದೆ ಬಂದರೆ ಯಾರೋ ಸತ್ತ ಮನೆಯೇನೋ ಎಂಬಂತೆ ದನಿ ತಗ್ಗಿಸುತ್ತಿದ್ದರು. ಅಮ್ಮಿ ಪರದೆಯ ಹಿಂದಿನಿಂದ ನಮ್ಮ ಮನೆಮಾತಿನಲ್ಲಿ, "ತುಮ್ನಾ ಗಿರಾಕಾಂ ನಕ್ಕೋ ಕ್ಯಾ ಜೀ?" ಎನ್ನುವಳು. ಗಿರಾಕಿಗಳು ಬೇಡವೇ ನಿಮಗೆ ಎಂದು. ಅಬ್ಬಾ ರೇಡಿಯೊದ ದನಿಯನ್ನು ಇನ್ನಷ್ಟು ಏರಿಸುತ್ತಿದ್ದರು. ಅವರಿಗೆ ಸಿನಿಮಾ ಹಾಡೆಂದರೆ ಎದುರಂಗಡಿಯವನ ದನಿ. ಆಮೇಲೆ ರೇಡಿಯೊ ಕೂಡ ಬದಲಾಯಿತು. ಶಾಸ್ತ್ರೀಯ ಸಂಗೀತ ಮೊಟಕಾಯಿತು, ಭಾವಗೀತೆಗಳು ಸರಿದು ಮೂಲೆ ಹಿಡಿದವು. ಮಧ್ಯಾಹ್ನ ಕೇಳುಗರೇ ಫೋನು ಮಾಡಿ ಮೆಚ್ಚಿನ ಸಿನಿಮಾ ಹಾಡು ಹಾಕಿಸಿಕೊಳ್ಳುವ ಕಾರ್ಯಕ್ರಮ ಬಂತು. ಊರೆಲ್ಲ ಅದನ್ನು ಕೇಳಿತು. ನಾನೂ ಪರದೆಯ ಈಚೆ, ಅಬ್ಬಾಗೆ ತಿಳಿಯದ ಹಾಗೆ, ಸಣ್ಣ ಟ್ರಾನ್ಸಿಸ್ಟರಿಗೆ ಕಿವಿ ಹಚ್ಚಿ ಕೇಳಿದೆ. ನನಗದು ಇಷ್ಟವಾಗುತ್ತಿತ್ತು.

ಆ ವರ್ಷದ ಮಳೆಗಾಲದಲ್ಲಿ ಬಸಣ್ಣ ಕಾಕಾ ಹೊಲದ ಬದುವಿನಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡರು. ಹಾಸಿಗೆ ಹಿಡಿದವರು ಏಳಲಿಲ್ಲ. ಸಂತೆಗಳು ಬಂದು ಹೋದವು, ಗಾದಿಯ ಅಂಚು ಖಾಲಿ ಇತ್ತು. ಬಜಾರಿಗೆ ಬಂದ ಮಸರಕಲ್ಲಿನವರೊಬ್ಬರು, ಕಾಕಾ ಊಟ ಬಿಟ್ಟಿದ್ದಾರೆಂದೂ, ಮನೆಯಲ್ಲಿ ಮಗನ ಮಕ್ಕಳು ಮಧ್ಯಾಹ್ನದ ಸಿನಿಮಾ ಹಾಡು ಹಚ್ಚಿದಾಗ ಸುಮ್ಮನೆ ಸೂರು ನೋಡುತ್ತ ಮಲಗಿರುತ್ತಾರೆಂದೂ ಹೇಳಿದರು. ಮರುದಿನ ಮಧ್ಯಾಹ್ನ ಅಬ್ಬಾ ನನ್ನನ್ನು ಕರೆದು, ಆ ಪ್ರೋಗ್ರಾಮಿಗೆ ಫೋನು ಹಚ್ಚಿ ಕೊಡು ಎಂದರು. ನಾನು ಕದ್ದು ಕೇಳುತ್ತಿದ್ದುದು ಅವರಿಗೆ ಮೊದಲಿಂದಲೂ ಗೊತ್ತಿತ್ತೆಂದು ಆಗ ತಿಳಿಯಿತು.

ಲೈನು ಸಿಕ್ಕಿತು. ಯಾವ ಹಾಡು ಬೇಕು ಎಂದು ಹುಡುಗಿಯೊಬ್ಬಳು ನಗುನಗುತ್ತ ಕೇಳಿದಳು.

"ಭೈರವಿ ಹಾಕವ್ವಾ," ಎಂದರು ಅಬ್ಬಾ.

"ಅದು ಯಾವ ಸಿನಿಮಾ ರೀ ಚಾಚಾ?"

"ಸಿನಿಮಾ ಅಲ್ಲ, ರಾಗ. ನಮ್ಮ ದೋಸ್ತ ಬಸಣ್ಣ ಮಸರಕಲ್‌ನಾಗ ಮಲಗ್ಯಾನ. ಸಂತಿಗೆ ಬರಾಕ ಆಗವಲ್ದು. ಈಗ ಕೇಳಾಕತ್ತಿರ್ತಾನ."

ಅವಳು ಫೋನು ಇಟ್ಟುಬಿಡುತ್ತಾಳೆಂದುಕೊಂಡೆ. ಇದರಲ್ಲಿ ಸಿನಿಮಾ ಹಾಡಷ್ಟೇ ಹಾಕಲು ಬರುತ್ತದೆಂದು ಅವಳು ಮೆಲ್ಲಗೆ ಹೇಳಿದಳು. ಆಮೇಲೆ ತಾನೇ ಕೇಳಿದಳು, ಆ ರಾಗದಲ್ಲೇ ಇರುವ ಹಳೆಯ ಸಿನಿಮಾ ಹಾಡೊಂದನ್ನು ಹುಡುಕಿ ಹಾಕಿದರೆ ನಡೆಯುತ್ತದೆಯೇ ಎಂದು. ಅಬ್ಬಾ ಎದುರಂಗಡಿಯ ಕಡೆ ನೋಡಿದರು. ಅಷ್ಟು ವರ್ಷದ ಹಟ ಅವರ ಮುಖದ ಮೇಲೆ ಬಂದು ಹೋದದ್ದನ್ನು ನಾನು ಕಂಡೆ.

"ನಡೀತದವ್ವಾ. ಹಚ್ಚು," ಎಂದರು.

ಇಬ್ಬರು ಮೂವರ ಮೆಚ್ಚಿನ ಹಾಡುಗಳಾದ ಮೇಲೆ ಅದು ಬಂತು. ಮಸರಕಲ್ಲಿನ ಬಸಣ್ಣನವರಿಗಾಗಿ, ದೇವದುರ್ಗದ ಗೆಳೆಯರಿಂದ ಎಂದಳು ರೇಡಿಯೊದ ಹುಡುಗಿ. ಅಬ್ಬಾ ಮೊದಲ ಬಾರಿಗೆ ಒಂದು ಸಿನಿಮಾ ಹಾಡನ್ನು ಪೂರ್ತಿ ಕೇಳಿದರು. ಅಮ್ಮಿ ಪರದೆ ಸರಿಸಿ ನಿಂತಿದ್ದಳು. ಹಾಡಿನ ನಡುವೆ ಎಲ್ಲೋ ಅಬ್ಬಾ ಕಣ್ಣು ಮುಚ್ಚಿದರು.

ಮಾರನೆಯ ದಿನ ಟೆಂಪೊ ಹತ್ತಿ ಅಬ್ಬಾ, ನಾನು ಇಬ್ಬರೂ ಮಸರಕಲ್ಲಿಗೆ ಹೋದೆವು. ಬಸಣ್ಣ ಕಾಕಾ ಹೊರಸಿನ ಮೇಲೆ ಎಲುಬಿನ ಗೂಡಾಗಿ ಮಲಗಿದ್ದರು. ಅಬ್ಬಾ ಪಕ್ಕದಲ್ಲಿ ಕೂತು ಕೈ ಹಿಡಿದುಕೊಂಡರು. ಕಾಕಾನೇ ಹೇಳಿದರು:

"ಕೇಳಿದ್ನಿರೀ ಸಾಬ್ರ. ನಮ್ಮ ಹೊಂಟಾಕೀನ ಅದು. ಸೀರಿ ಬ್ಯಾರೆ ಉಟ್ಕೊಂಡು ಬಂದಿದ್ಲು, ಅಷ್ಟ."

ಇಬ್ಬರೂ ನಕ್ಕರು. ನಗುತ್ತಲೇ ಅಬ್ಬಾ ಮುಖ ಆಚೆ ತಿರುಗಿಸಿಕೊಂಡರು. ನಾವು ಹೊರಟು ನಿಂತಾಗ, ಕಾಕಾ ಎರಡು ಗುಟುಕು ಅಂಬಲಿ ಕುಡಿದರೆಂದು ಸೊಸೆ ಅಂಗಳದವರೆಗೆ ಬಂದು ಹೇಳಿದಳು.

ಕಾಕಾ ಆ ಮಳೆಗಾಲ ಕಳೆಯಲಿಲ್ಲ. ಮಣ್ಣಿಗೆ ಹೋಗಿ ಬಂದ ಅಬ್ಬಾ, ಅಂಗಡಿಯಿಂದಲೇ ಒಯ್ದ ಹೊಸ ಬಿಳಿ ಬಟ್ಟೆಯನ್ನು ಹೊದಿಸಿದ್ದನ್ನು ಅಮ್ಮಿಗಷ್ಟೇ ಹೇಳಿದರು. ಮುಂದಿನ ಸಂತೆಯ ದಿನ ಬೆಳಿಗ್ಗೆ ರೇಡಿಯೊ ಹಚ್ಚಲಿಲ್ಲ. ಬಿಸಿಲೇರಿದ ಮೇಲೆ ನನ್ನನ್ನು ಕರೆದು, ನಿನಗೆ ಬೇಕಾದ್ದನ್ನು ಹಚ್ಚಮ್ಮ, ಜನ ಬರಲಿ ಎಂದರು. ಹಚ್ಚಿದೆ. ಜನ ಬಂದರು. ಹುಡುಗಿಯರು ಹಾಡಿಗೆ ತುಟಿ ಆಡಿಸುತ್ತ ಬಣ್ಣ ಆರಿಸಿದರು. ಅಬ್ಬಾ ಬಟ್ಟೆ ಅಳೆದು ಕೊಡುತ್ತಿದ್ದರು, ನಗುತ್ತಲೂ ಇದ್ದರು, ಆದರೆ ಅವರ ಕೈ ಯಾವ ತಾಳಕ್ಕೂ ನಿಧಾನವಾಗಲಿಲ್ಲ, ಯಾವುದಕ್ಕೂ ಚುರುಕಾಗಲಿಲ್ಲ.

ಈಗ ಆ ಜಾಗದಲ್ಲಿ ಮೊಬೈಲ್ ಅಂಗಡಿ ಇದೆ. ಅಬ್ಬಾ ಇಲ್ಲ, ಅಮ್ಮಿಯೂ ಇಲ್ಲ. ರಾಯಚೂರಿನ ನನ್ನ ಮನೆಯಲ್ಲಿ ಮಕ್ಕಳು ಕಿವಿಗೆ ವೈರು ಸಿಕ್ಕಿಸಿಕೊಂಡು ತಮ್ಮತಮ್ಮ ಹಾಡು ತಾವೇ ಕೇಳುತ್ತಾರೆ. ಯಾರು ಏನು ಕೇಳಿ ನಕ್ಕರೆಂದು ಪಕ್ಕದವರಿಗೆ ತಿಳಿಯುವುದಿಲ್ಲ. ನಿಮ್ಮ ಮನೆಯಲ್ಲೂ ಹಾಗೇ ಇರಬಹುದು. ಬೆಳಗಿನ ರಾಗ ಈಗಲೂ ಎಲ್ಲೋ ಒಂದು ಕೇಂದ್ರದಿಂದ ಬರುತ್ತದೆ. ಕಿಟಕಿಯ ಬಳಿ ಕೂತು ಫೋನಿನಲ್ಲಿ ಹಚ್ಚುತ್ತೇನೆ. ಒಳಗಿನಿಂದ ಮಗಳು, "ಅಮ್ಮಿ, ಸ್ವಲ್ಪ ಸೌಂಡ್ ಕಡಿಮಿ ಮಾಡು," ಎನ್ನುತ್ತಾಳೆ. ಕಡಿಮೆ ಮಾಡುತ್ತೇನೆ. ಆಮೇಲೆ ತುಸು ಬಾಗಿ, ಇನ್ನೂ ಹತ್ತಿರ ಹೋಗಿ ಕೇಳುತ್ತೇನೆ.